ಮಾಸ್ತರರ ತೋಳಿನ ಗುರುತು

ಹುಡುಗಿಯ ತೋಳಿನ ಮೇಲಿದ್ದದ್ದು ದೇವಿ ಹಾಕಿಸಿದ ಗುರುತಲ್ಲ ಎಂಬುದು ಪರಮೇಶಪ್ಪ ಮಾಸ್ತರನಿಗೆ ನೋಡಿದ ಕೂಡಲೇ ಗೊತ್ತಾಯಿತು. ಆದರೂ ಅವನು ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಒರೆಸಿ, ಮತ್ತೆ ಏರಿಸಿಕೊಂಡು, ಆ ತೋಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಇನ್ನೊಮ್ಮೆ ನೋಡಿದ. ಕನ್ನಡಕ ಒರೆಸಿದರೆ ಕಂಡದ್ದು ಬದಲಾಗುತ್ತದೆಯೇ? ಸಿಡುಬು ಬಾರದಿರಲೆಂದು ಸರ್ಕಾರದವರು ಚುಚ್ಚುವ ದೇವಿಯ ಗುರುತು ಹಳೆಯದಾಗಿ, ಮೈಬಣ್ಣಕ್ಕೇ ಸೇರಿ, ತಗ್ಗಾಗಿ ಕೂತಿರುತ್ತದೆ. ಇದು ಹಸಿ. ದುಂಡಗೆ, ನಡುವೆ ಒಂದು ಚುಕ್ಕೆಯಷ್ಟು ಚರ್ಮ ಬಿಟ್ಟು ಸುತ್ತ ಕೆಂಪಗೆ ಉಬ್ಬಿ, ಅರಿಷಿಣ ಎಣ್ಣೆ ಹಚ್ಚಿದ್ದರಿಂದ ಮಿಂಚುತ್ತಿತ್ತು. ಒಂದಲ್ಲ, ಎರಡು. ಮೇಲೊಂದು, ಅದರ ಕೆಳಗೆ ಎರಡು ಬೆರಳು ಬಿಟ್ಟು ಇನ್ನೊಂದು. ಕೆಳಗಿನದು ಮಾತ್ರ ಚೂರು ಹಿಂದಕ್ಕೆ, ಮೊಣಕೈಯತ್ತ ಜಾರಿದ ಹಾಗೆ. ಆ ಓರೆಗೇ ಅವನ ಕಣ್ಣು ಮತ್ತೆ ಮತ್ತೆ ಹೋಯಿತು. ಯಾಕೆಂದರೆ ಆ ಓರೆ ಅವನದು, ಅವನ ಸ್ವಂತ ತೋಳಿನದು.

“ಹಂಗ ಐತಲ್ರಿ ಮಾಸ್ತರ್ರ?” ಎಂದು ಕೇಳಿದಳು ಹುಡುಗಿಯ ತಾಯಿ ಗುತ್ತೆವ್ವ. ಅವಳು ಸಾಲಿಯ ಹೊಸ್ತಿಲಾಚೆಯೇ ನಿಂತಿದ್ದಳು. ಒಳಗೆ ಬರಬೇಡ ಎಂದು ಯಾರೂ ಅಂದಿರಲಿಲ್ಲ, ಬಾ ಎಂದೂ ಅಂದಿರಲಿಲ್ಲ. “ನಿಮ್ದು ಚೆಂದಂಗಿ ನೋಡ್ಕೊಂಡ ಹೋಗಿದ್ನಿರಿ. ತಿಪ್ಪವ್ವಾಯಿಗೆ ಬೆರಳಿಟ್ಟ ತೋರ್ಸೇನಿ, ಇಲ್ಲೊಂದು, ಇಲ್ಲೊಂದು ಅಂತ. ಮುದುಕಿ ಕೈ ನಡುಗ್ತಾವು. ಆದ್ರೂ ತಪ್ಪಿಲ್ರಿ.”

ತಿಪ್ಪವ್ವನನ್ನು ಅರಿಯದವರು ಆ ಊರಲ್ಲಿ ಇರಲಿಲ್ಲ. ಹಿರೇಬೆಂಡಿಗೇರಿಯ ದಾರಿಗುಂಟ ಇರುವ ಐದಾರು ಹಳ್ಳಿಗಳ ಕೂಸುಗಳ ಹೊಟ್ಟೆಯ ಮೇಲೆ ಅವಳ ಕೈಗುರುತಿತ್ತು. ಹಾಲು ಕಕ್ಕಿದರೆ, ಹೊಟ್ಟೆ ಉಬ್ಬಿದರೆ, ಕಣ್ಣು ಮೇಲೆ ಸಿಕ್ಕಿಸಿದರೆ ತಿಪ್ಪವ್ವ ಬಳೆಚೂರು ಕಾಯಿಸಿ ಬರೆ ಕೊಡುತ್ತಿದ್ದಳು. ಬದುಕಿದ ಕೂಸುಗಳು ಅವಳ ಕೈಗುಣದಿಂದ ಬದುಕಿದವು, ಸತ್ತವು ಹಣೆಬರಹದಿಂದ. ಆದರೆ ಬಳೆಚೂರಿನಿಂದ ದುಂಡನೆಯ ಬರೆ ಏಳುವುದಿಲ್ಲವಲ್ಲ, ಎಂದುಕೊಂಡ ಪರಮೇಶಪ್ಪ. ನಡುವಿನ ಚುಕ್ಕೆಯನ್ನು ಮತ್ತೆ ನೋಡಿದ. ತೂತಿನ ದುಡ್ಡು. ಇಂಗ್ಲಿಷರ ಕಾಲದ, ನಡುವೆ ತೂತಿದ್ದ, ಈಗ ಕೂಸುಗಳ ಉಡಿದಾರಕ್ಕೆ ಕಟ್ಟುವ ತಾಮ್ರದ ದುಡ್ಡು. ಅದನ್ನು ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ಕಾಯಿಸಿರಬೇಕು. ಇಷ್ಟೆಲ್ಲ ತನಗೆ ಎಷ್ಟು ಸಲೀಸಾಗಿ ಹೊಳೆಯಿತಲ್ಲ ಎಂದು ಅವನಿಗೇ ಹೇಸಿಕೆಯಾಯಿತು. ಅವನ ಕೈ ಇನ್ನೂ ಹುಡುಗಿಯ ಮೊಣಕೈಯನ್ನು ಹಿಡಿದೇ ಇತ್ತು, ಆ ಮೈ ಬಿಸಿಯಾಗಿತ್ತು.

ಒಂಬತ್ತು ದಿನದ ಹಿಂದೆ, ಎಪ್ಪತ್ತೇಳನೇ ಇಸವಿಯ ಜೂನ್ ತಿಂಗಳ ಎರಡನೆಯ ಬುಧವಾರ, ಇದೇ ಗುತ್ತೆವ್ವ ಇದೇ ಹೊಸ್ತಿಲಲ್ಲಿ ನಿಂತು ಮಗಳ ಹೆಸರು ಹಚ್ಚಿಕೊಳ್ಳಿರಿ ಎಂದಿದ್ದಳು. ಅವತ್ತು ಅವನಿಗೆ ಬೆಳಗಿನಿಂದ ಹಲ್ಲುನೋವು. ಅದನ್ನು ಈಗ ನೆನೆದರೆ ನೆವ ಹುಡುಕಿದ ಹಾಗಾಗುತ್ತದೆ, ಆದರೆ ಇದ್ದದ್ದು ನಿಜ. ಗುರುತಿಲ್ಲದೆ ಹೆಸರು ಹಚ್ಚಲು ಬರುವುದಿಲ್ಲ, ಕಾಯ್ದೆ, ಎಂದು ಅವನು ತಲೆಯೆತ್ತದೆ ಹೇಳಿದ. ಎಂಥಾ ಗುರುತ್ರಿ ಎಂದು ಅವಳು ಮೂರು ಸಲ ಕೇಳಿದಳು. ಮೂರನೆಯ ಸಲಕ್ಕೆ ಅವನಿಗೆ ರೇಗಿತು. ಅಂಗಿಯ ಗುಂಡಿ ಬಿಚ್ಚಿ ತೋಳು ಮೇಲಕ್ಕೆ ಸರಿಸಿ, “ಇಗಾ, ಇಂಥಾವು ಎರಡು. ಇವು ಕಂಡ್ರ ಹೆಸರು, ಇಲ್ಲಾಂದ್ರ ಇಲ್ಲ,” ಎಂದ. ಆಗ ಗುತ್ತೆವ್ವ ಹೊಸ್ತಿಲು ದಾಟಿದ್ದಳು; ಹೌದು, ಅವತ್ತೊಂದು ದಿನ ದಾಟಿದ್ದಳು. ಹತ್ತಿರ ಬಂದು, ಬಗ್ಗಿ, ಎರಡು ಬೆರಳನ್ನು ಅವನ ತೋಳಿಗೆ ಹಚ್ಚಿ ಮೇಲಿನ ಗುರುತಿಗೂ ಕೆಳಗಿನದಕ್ಕೂ ನಡುವಿನ ಅಂತರ ಅಳೆದಳು. ಪರಹೆಂಗಸಿನ ಬೆರಳು ತಾಗಿತಲ್ಲ ಎಂದು ಅವನಿಗೆ ಮುಜುಗರವಾಯಿತೇ ಹೊರತು ಆಕೆ ಯಾಕೆ ಅಳೆಯುತ್ತಿದ್ದಾಳೆಂದು ಕೇಳಬೇಕೆನಿಸಲಿಲ್ಲ. ಆಡೂರಿನಲ್ಲಿ ಅವನಿಗೆ ದೇವಿ ಹಾಕಿದಾಗ ಅವನು ಐದು ವರ್ಷದವನು. ಚಾವಡಿಯ ಕಟ್ಟೆಯ ಮೇಲೆ ಅವನ ಅವ್ವ ಅವನನ್ನು ತೊಡೆಯಲ್ಲಿ ಒತ್ತಿ ಹಿಡಿದಿದ್ದರೂ ಎರಡನೆಯ ಸಲಕ್ಕೆ ಕೊಸರಿಕೊಂಡು, ದೇವಿ ಹಾಕುವವನ ಕೈ ಜಾರಿ, ಗುರುತು ಓರೆಯಾಗಿ ಎದ್ದಿತ್ತು. ನನ್ನ ಮಗ ಕಳೆದು ಹೋದರೆ ಇದನ್ನು ನೋಡಿ ಹುಡುಕುತ್ತೇನೆ ಎಂದು ಅವ್ವ ನಗುತ್ತಿದ್ದಳು.

“ದವಾಖಾನಿಗೆ ಯಾಕ ಕರ್ಕೊಂಡ ಹೋಗಲಿಲ್ಲ, ಗುತ್ತೆವ್ವ?” ಎಂದು ಕೇಳಿದ. ಕೇಳಬಾರದಿತ್ತೆಂದು ಬಾಯಿಂದ ಮಾತು ಬಿದ್ದಮೇಲೆ ತಿಳಿಯಿತು.

ಅವಳು ಸೆರಗನ್ನು ಹಲ್ಲಿನಿಂದ ಕಚ್ಚಿ ಮತ್ತೆ ಬಿಟ್ಟಳು. “ಅಲ್ಲಿಗೆ ಬ್ಯಾಡ ಅಂದ್ರು ಇವರಪ್ಪ,” ಎಂದಳು. “ಮತ್ತ ನಿಮಗ ಗೊತ್ತೈತಲ್ರಿ.”

ಗೊತ್ತಿತ್ತು. ಗೊತ್ತಿಲ್ಲದೆ ಏನು? ಹೋದ ವರ್ಷ ನವರಾತ್ರಿಯ ಆಚೆ ಈಚೆ, ಮಾಸ್ತರರು ತಲಾ ಇಬ್ಬರನ್ನಾದರೂ ಮಕ್ಕಳಾಗದ ಆಪರೇಷನ್ನಿಗೆ ಕರೆತರಬೇಕು, ತಪ್ಪಿದರೆ ಪಗಾರ ತಡೆಯುತ್ತೇವೆ ಎಂದು ಮೇಲಿನಿಂದ ಕಾಗದ ಬಂದಿತ್ತು. ಒಬ್ಬ ಸಿಕ್ಕ. ಇನ್ನೊಬ್ಬನಿಗಾಗಿ ಅವನು ಮೂರು ಸಂಜೆ ಗುತ್ತೆವ್ವನ ಗಂಡ ಮಾಳಪ್ಪನ ಕಟ್ಟೆಯ ಮೇಲೆ ಕೂತು ಚಹಾ ಕುಡಿದಿದ್ದ. ಗಂಡು ಒಂದು, ಹೆಣ್ಣು ಒಂದು, ಆರತಿಗೊಂದು ಕೀರುತಿಗೊಂದು, ಇನ್ನು ಯಾಕೆ ಬೇಕು ಮಾಳಪ್ಪಾ, ಎಂದು ತಾನೇ ಹೇಳಿದ್ದು ಅಕ್ಷರ ಅಕ್ಷರ ನೆನಪಿತ್ತು. ಜೀಪು ಬಂದಾಗ ಮಾಳಪ್ಪನ ರಟ್ಟೆ ಹಿಡಿದು ಹತ್ತಿಸಿದವನೂ ಅವನೇ. ಜೀಪಿನಲ್ಲಿ ಹಿಂದಿನ ಸೀಟಿಗೆ ದೇವಿ ಹಾಕುವ ಡಾಕ್ಟರೂ ಕೂತಿದ್ದ. ಅವತ್ತಿನಿಂದ ಊರಿನ ಜನಕ್ಕೆ ಎರಡೂ ಸೂಜಿ ಒಂದೇ ಆದವು. ಮಾಘಮಾಸದಲ್ಲಿ ಮಾಳಪ್ಪನ ಗಂಡುಮಗು ಉಡಚಪ್ಪ ಒಂದೇ ರಾತ್ರಿ ವಾಂತಿಭೇದಿಯಾಗಿ ತೀರಿಕೊಂಡಿತು. ಪರಮೇಶಪ್ಪ ಮಣ್ಣಿಗೆ ಹೋಗಿ, ಎಲ್ಲರಿಗಿಂತ ಹಿಂದೆ ನಿಂತು, ಎಲ್ಲರಿಗಿಂತ ಮುಂಚೆ ಮನೆಗೆ ಬಂದಿದ್ದ. ಮಾಳಪ್ಪ ತನ್ನನ್ನು ಬೈಯುತ್ತಾನೆಂದು ತಿಂಗಳುಗಟ್ಟಲೆ ಕಾದ. ಬೈದಿದ್ದರೆ ಹೊಟ್ಟೆಗೆ ಅನ್ನ ಸೇರುತ್ತಿತ್ತೇನೋ.

“ನನ್ನ ಹೊಟ್ಟ್ಯಾಗ ಇನ್ನ ಹುಟ್ಟೂದಿಲ್ರಿ,” ಎಂದಳು ಗುತ್ತೆವ್ವ, ಹವಾಮಾನದ ಮಾತು ಹೇಳಿದ ಹಾಗೆ. “ಇದ್ದ ಒಂದು, ಇದಾದ್ರೂ ಸಾಲಿ ಕಲೀಲಿ.”

ಅವನ ಮುಂದೆ ದಾಖಲಾತಿಯ ದೊಡ್ಡ ಪುಸ್ತಕ ಬಿಚ್ಚಿತ್ತು. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಜಾತಿ, ಕೊನೆಗೆ ‘ದೇವಿ ಹಾಕಿಸಿದ ಗುರುತು’. ಹೋದ ವರ್ಷ ಆ ಕೊನೆಯ ಮನೆಯನ್ನು ಮೂರು ಹೆಸರಿಗೆ ಖಾಲಿ ಬಿಟ್ಟದ್ದಕ್ಕೆ ಇನ್ಸ್‌ಪೆಕ್ಟರ್ ಸಾಹೇಬರು ಮಕ್ಕಳ ಎದುರಿಗೇ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, “ನಿಮಗೆ ಕಣ್ಣಿಲ್ಲವೇನ್ರಿ?” ಎಂದಿದ್ದರು. ಮುಂದಿನ ಬೆಂಚಿನ ಹುಡುಗರು ನಕ್ಕಿದ್ದರು. ಈ ಗುರುತು ನಡೆಯುವುದಿಲ್ಲ ಎಂದರೆ? ಹುಡುಗಿ ಸುಟ್ಟುಕೊಂಡದ್ದು ವ್ಯರ್ಥ. ನಡೆಯುತ್ತದೆ ಎಂದರೆ? ಬಿಸಿತುಪ್ಪ, ನುಂಗಲಿಕ್ಕೂ ಆಗದು, ಉಗುಳಲಿಕ್ಕೂ ಆಗದು. ಟಾಕನ್ನು ಶಾಯಿಯಲ್ಲಿ ಅದ್ದಿ ಅಡಿವೆವ್ವ ಮಾಳಪ್ಪ ಎಂದು ಬರೆದ. ಉಳಿದ ಮನೆಗಳನ್ನು ತುಂಬಿದ. ಕೊನೆಯದಕ್ಕೆ ಬಂದು ಸ್ವಲ್ಪ ತಡೆದು, ‘ಇದೆ’ ಎಂದು ಬರೆದ. ಸುಳ್ಳೇನೂ ಅಲ್ಲವಲ್ಲ, ಗುರುತು ಇದೆ, ಎಂದು ಒಳಗೊಳಗೇ ವಾದ ಹೂಡಿದ.

“ಅಂದ್ರ ಇದು ನಡೀತೈತಲ್ರಿ?” ಗುತ್ತೆವ್ವ ಕೇಳಿದಳು.

“ನಡೀತೈತಿ,” ಎಂದ.

ಅಷ್ಟೇ ಆಡಿದ್ದು. ಮುಂದೆ ಎರಡು ದಿನ ಆ ಒಂದು ಮಾತು ಅವನ ಬಾಯಲ್ಲಿ ಹಲ್ಲಿಗೆ ಸಿಕ್ಕ ನಾರಿನಂತೆ ಉಳಿಯಿತು. ತಾಯಿ ಹೋದಮೇಲೆ ಅವನು ಹುಡುಗಿಯನ್ನು ಹತ್ತಿರ ಕರೆದ. ಆರು ವರ್ಷ, ತಲೆತುಂಬ ಎಣ್ಣೆ, ಎಡಗೈಯನ್ನು ಮೈಯಿಂದ ದೂರ ಹಿಡಿದು ನಿಂತಿದ್ದಳು, ಹೊಸ ಅಂಗಿಗೆ ಕೊಳೆ ತಾಗದಿರಲೆಂಬಂತೆ.

“ಅತ್ತೇನವಾ ತಂಗಿ?”

“ಇಲ್ರಿ,” ಎಂದಳು. ಆಮೇಲೆ ಯೋಚಿಸಿ, “ಅವ್ವ ಅತ್ಲರಿ,” ಎಂದಳು.

ಮಧ್ಯಾಹ್ನ ಉಪ್ಪಿಟ್ಟಿನ ಹೊತ್ತಿಗೆ ದಸ್ತಗೀರಸಾಬ ಮಾಸ್ತರ ಹುಡುಗಿಯ ತೋಳು ನೋಡಿದ. ಸಾಲಿಗೆ ಇದ್ದವರು ಇಬ್ಬರೇ ಮಾಸ್ತರರು; ದಸ್ತಗೀರಸಾಬ ಸವಣೂರಿನವನು, ವಯಸ್ಸಿನಲ್ಲಿ ಹತ್ತು ವರ್ಷ ಕಿರಿಯ, ಅವನ ಕಿಸೆಯಲ್ಲಿ ಯಾವಾಗಲೂ ಎರಡು ವೀಳ್ಯದೆಲೆ, ಬಾಯಲ್ಲಿ ಯಾವಾಗಲೂ ಒಂದು ಚೇಷ್ಟೆ. “ಏನ್ರಿ ಇದು, ಸಾಲೀನೋ ದನದ ಪ್ಯಾಟೀನೋ, ಬರಿ ನೋಡಿ ಒಳಗ ಬಿಡಾಕ?” ಎಂದ. ಪರಮೇಶಪ್ಪ ನಗಲಿಲ್ಲ. ದಸ್ತಗೀರಸಾಬನೂ ನಗು ನಿಲ್ಲಿಸಿ, ಎಲೆಗೆ ಸುಣ್ಣ ಹಚ್ಚುತ್ತ, “ನೀವ ಬರದ್ರಿ?” ಎಂದು ಕೇಳಿದ.

“ಬರದೆ.”

“ಬರೀಬಾರ್ದಿತ್ರಿ. ಖಾಲಿ ಬಿಟ್ಟಿದ್ರ ಸಾಹೇಬ ಬೈತಿದ್ದ, ಅಷ್ಟ ಹೌದಲ್ಲ?”

ಅಷ್ಟೇ ಹೌದು. ಸಾಲಿಯ ಹೊರಗೋಡೆಯ ಮೇಲೆ, ಅವರಿಬ್ಬರೂ ಕೂತ ಕಟ್ಟೆಗೆ ಎದುರಾಗಿ, ‘ಸಿಡುಬು ಕಂಡವರು ತಿಳಿಸಿರಿ, ಬಹುಮಾನ ಪಡೆಯಿರಿ’ ಎಂದು ಗೇರುಬಣ್ಣದಲ್ಲಿ ಬರೆದದ್ದಿತ್ತು. ಎರಡು ವರ್ಷದಿಂದ ಸುತ್ತ ಯಾವ ಊರಲ್ಲೂ ಯಾರಿಗೂ ಸಿಡುಬು ಕಂಡಿರಲಿಲ್ಲ. “ಬ್ಯಾನಿ ಹೋತು, ಕಾಲಂ ಉಳೀತು,” ಎಂದ ದಸ್ತಗೀರಸಾಬ. ಮರುದಿನ ಸವಣೂರಿನಿಂದ ಬರುವಾಗ ಅವನು ಯಾರೂ ಹೇಳದಿದ್ದರೂ ಸುಟ್ಟಗಾಯದ ಮುಲಾಮಿನ ಒಂದು ಕೊಳವೆ ತಂದು ಪರಮೇಶಪ್ಪನ ಮೇಜಿನ ಮೇಲಿಟ್ಟ. ನೀವೇ ಹೋಗಿ ಕೊಡಿರಿ, ಹೋಗಿ ಹೇಳಿರಿ, ಎಂದ. ಹೇಳುವುದು ಏನೆಂದು ಇಬ್ಬರಿಗೂ ಗೊತ್ತಿತ್ತು: ಇದು ಗುರುತಲ್ಲ, ಇದು ಯಾವ ಬೇನೆಯನ್ನೂ ತಡೆಯುವುದಿಲ್ಲ, ಇನ್ನೊಂದು ಕೂಸಿಗೆ ಹೀಗೆ ಮಾಡಬೇಡಿರಿ.

ಶನಿವಾರ ಬೆಳಗಿನ ಸಾಲಿ ಬಿಟ್ಟಮೇಲೆ ಅವನು ಮಾಳಪ್ಪನ ಮನೆಗೆ ಹೋದ. ಇಡೀ ದಾರಿ ಮಾತುಗಳನ್ನು ಜೋಡಿಸಿಕೊಂಡ. ಮೊದಲು ಹುಡುಗಿಯ ಆರೋಗ್ಯ ಕೇಳುವುದು, ಆಮೇಲೆ ಮುಲಾಮು, ಆಮೇಲೆ ಮೆಲ್ಲಗೆ ಉಳಿದದ್ದು. ಮಾಳಪ್ಪ ಕಟ್ಟೆಯ ಮೇಲೆ ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ಮಾಸ್ತರನನ್ನು ಕಂಡು ಎದ್ದು, ಕಂಬಳಿ ಝಾಡಿಸಿ ಹಾಸಿ, “ಬರ್ರಿ ಮಾಸ್ತರ್ರ, ಕುಂದರ್ರಿ,” ಎಂದ. ಅದೇ ಕಂಬಳಿ. ಅದೇ ಜಾಗ. ಕೂತರೆ ಗೋಡೆಯ ಅದೇ ಬಿರುಕು ಕಣ್ಣಿಗೆ ಬೀಳುತ್ತಿತ್ತು. ಒಳಗೆ ಗುತ್ತೆವ್ವ ಚಹಾಕ್ಕೆ ಎಸರಿಟ್ಟ ಸದ್ದು ಕೇಳಿಸಿತು. ಬ್ಯಾಡ ಬ್ಯಾಡ ಎಂದರೂ ಅವಳು ಕೇಳುವವಳಲ್ಲ. ಅವನಿಗೆ ಆ ಮರ್ಯಾದೆ ಬೆನ್ನಿಗೆ ಬಿದ್ದ ಏಟಿನಂತಿತ್ತು.

ಮುಲಾಮನ್ನು ಕೊಟ್ಟ. ಅರಿಷಿಣ ಒರೆಸಿ ಇದನ್ನು ಹಚ್ಚಿರಿ ಎಂದ. ಮಾಳಪ್ಪ ಎರಡೂ ಕೈಯಿಂದ ತೆಗೆದುಕೊಂಡ. ಆಮೇಲೆ ಪರಮೇಶಪ್ಪ, “ಮಾಳಪ್ಪಾ, ಮಳಿ ಜೋರಾಗೂದ್ರೊಳಗ ಒಮ್ಮೆ ಹುಡುಗೀನ ಶಿಗ್ಗಾಂವಿ ದವಾಖಾನಿಗೆ ತೋರಿಸ್ಕೊಂಡ ಬಂದ್ರ ಚಲೋ. ಖರೇ ದೇವೀನೂ ಹಾಕಿಸ್ಬಹುದು,” ಎಂದ.

ಮಾಳಪ್ಪ ಮತ್ತೆ ಹಗ್ಗ ಎತ್ತಿಕೊಂಡು ಹೊಸೆಯತೊಡಗಿದ. “ನಿಮ್ಮ ಮಾತು ಕೇಳಿ ನಾ ಒಮ್ಮೆ ಜೀಪ್ ಹತ್ತೇನ್ರಿ ಮಾಸ್ತರ್ರ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಇವತ್ತು ಯಾವ ವಾರ ಎಂದು ಹೇಳಿದಷ್ಟು ಸಪ್ಪಗಿತ್ತು. “ಇನ್ನೊಮ್ಮೆ ಹತ್ತು ಅಂತೀರೇನು, ಹೇಳ್ರಿ. ನೀವು ಕಲ್ತವ್ರು.”

ಹತ್ತು ಎಂದಿದ್ದರೆ ಅವನು ಹತ್ತುತ್ತಿದ್ದನೇನೋ. ಅದೇ ಭಯವಾಯಿತು ಪರಮೇಶಪ್ಪನಿಗೆ. ಆ ಕೂಸಿಗೂ ಏನಾದರೂ ಆಗಿಬಿಟ್ಟರೆ? ಮನೆಯ ಗೂಟಕ್ಕೆ ಒಂದು ಸಣ್ಣ ಅಂಗಿ ಇನ್ನೂ ನೇತುಬಿದ್ದಿತ್ತು, ಗಂಡುಹುಡುಗನ ಅಂಗಿ. “ಇಲ್ಲ, ಹಂಗಲ್ಲ, ನಿಮ್ಮ ಮನಸ್ಸಿಗೆ ಬಂದ್ರ,” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಚಹಾ ಬಂತು. ಬೆಲ್ಲದ ಚಹಾ, ಬಾಯಿ ಸುಡುವಷ್ಟು ಬಿಸಿ. ಆರುವವರೆಗೆ ಕಾಯದೆ ಕುಡಿದು ಎದ್ದ.

ಓಣಿಯ ತಿರುವಿನಲ್ಲಿ ತಿಪ್ಪವ್ವ ತನ್ನ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಳು. ಅವನ ಹೆಜ್ಜೆಯ ಸಪ್ಪಳದಿಂದಲೇ ಗುರುತು ಹಿಡಿದು, “ಮಾಸ್ತರ, ಹೆಂಗ ಆಗೈತಪಾ ನನ್ನ ಕೆಲಸ? ನೀ ಬರಕೊಂಡೀ ಅಂದ್ಲು ಗುತ್ತಿ,” ಎಂದಳು. ಹಲ್ಲಿಲ್ಲದ ಬಾಯಲ್ಲಿ ಹೆಮ್ಮೆ ತುಂಬಿತ್ತು. ಸಾಲಿಯ ಪುಸ್ತಕದಲ್ಲಿ ತನ್ನ ಕೈಗೆಲಸ ಏರಿತಲ್ಲ, ಎಂಬತ್ತು ವರ್ಷಕ್ಕೆ. “ಮತ್ತ ಓಣ್ಯಾಗ ಇನ್ನೂ ಅದಾವಪಾ ಸಾಲೀಗೆ ಹೋಗೂ ಹುಡುಗ್ರು. ಅವ್ರ ಅವ್ವಂದಿರು ಕೇಳಾಕತ್ತಾರ. ಏನಂತಿ?”

ಬ್ಯಾಡ ಎನ್ನುವುದು ಎರಡೇ ಅಕ್ಷರ. ಅವನು ನಿಂತ. ಬಾಯಿ ತೆರೆದ. ಬ್ಯಾಡ ಎಂದರೆ ಮುದುಕಿ ಯಾಕೆ ಎನ್ನುತ್ತಾಳೆ, ಯಾಕೆ ಎಂದರೆ ಅಡಿವೆವ್ವನದು ಸುಳ್ಳೆಂದು ಹೇಳಬೇಕು, ಸುಳ್ಳಾದರೆ ನೀವೇಕೆ ಬರೆದಿರಿ ಎಂದು ಸಂಜೆಯೊಳಗೆ ಗುತ್ತೆವ್ವ ಬಂದು ಹೊಸ್ತಿಲಲ್ಲಿ ನಿಲ್ಲುತ್ತಾಳೆ. ಅಲ್ಲಿಂದ ಇನ್ನೂ ಹಿಂದಕ್ಕೆ, ಕಂಬಳಿಯ ತನಕ, ಜೀಪಿನ ತನಕ ಹೋಗುತ್ತದೆ ಆ ಮಾತು. ಸುಟ್ಟ ನಾಲಿಗೆ ಒರಟಾಗಿತ್ತು. ಅವನಿಗೆ ಕೆಮ್ಮು ಬಂತು, ಬಂತೋ, ಬರಿಸಿಕೊಂಡನೋ. ಕೆಮ್ಮುತ್ತಲೇ ಕೈ ಅಲ್ಲಾಡಿಸಿ ಮುಂದೆ ನಡೆದ. ಕೈ ಅಲ್ಲಾಡಿಸಿದ್ದು ಬ್ಯಾಡ ಅನ್ನಲಿಕ್ಕೇ ಎಂದು ತನಗೆ ತಾನೇ ಹೇಳಿಕೊಂಡ. ಮುದುಕಿಗೆ ಕಣ್ಣು ಮಂಜು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆದಿತ್ಯವಾರ ಅವನು ಮನೆಯಿಂದ ಹೊರಗೆ ಬೀಳಲಿಲ್ಲ. ಜಳಕ ಮಾಡುವಾಗ ತೋಳಿನ ಮೇಲೆ ನೀರು ಸುರಿದುಕೊಂಡು ಆ ಎರಡು ಗುರುತುಗಳನ್ನು ಮುಟ್ಟಿ ನೋಡಿದ. ನಲವತ್ತು ವರ್ಷದಿಂದ ಮೈಮೇಲಿದ್ದರೂ ಇಷ್ಟು ಲಕ್ಷ್ಯ ಕೊಟ್ಟು ನೋಡಿರಲಿಲ್ಲ. ನೋವಿಲ್ಲ, ಏನೂ ಇಲ್ಲ. ಅವ್ವನ ತೊಡೆಯ ಬಿಗಿ ನೆನಪಿತ್ತು, ಅವ್ವ ಅತ್ತಿದ್ದಳೇ? ಅದು ನೆನಪಿರಲಿಲ್ಲ. ಬೆನ್ನು ಉಜ್ಜಲು ಬಂದ ಹೆಂಡತಿ ಶಾರವ್ವ, ಯಾಕೆ ಹೀಗೆ ಕೂತಿದ್ದೀರಿ, ನೀರು ಆರುತ್ತದೆ, ಎಂದಳು.

ಸೋಮವಾರ ಗಂಟೆ ಹೊಡೆಯುವ ಮೊದಲೇ ಅವರು ಬಂದು ನಿಂತಿದ್ದರು. ದೂರದಿಂದ ಕಂಡಾಗ ಎಷ್ಟೆಂದು ಎಣಿಸಬಾರದೆಂದುಕೊಂಡರೂ ಎಣಿಕೆಯಾಗಿಬಿಟ್ಟಿತು. ಐವರು ತಾಯಂದಿರು, ಐದು ಮಕ್ಕಳು. ಮಕ್ಕಳೆಲ್ಲ ಎಡಗೈಯನ್ನು ಮೈಯಿಂದ ದೂರ ಹಿಡಿದಿದ್ದರು, ಎಲ್ಲರ ತೋಳಿಗೂ ಅರಿಷಿಣ. ಅವರ ಪಕ್ಕದಲ್ಲಿ ಗುತ್ತೆವ್ವ ಕರೆಯದಿದ್ದರೂ ಬಂದು ನಿಂತಿದ್ದಳು, ಆ ಕೆಲಸ ತನ್ನದೇ ಮೇಲ್ವಿಚಾರಣೆಯಲ್ಲಿ ಆಗಿದೆ ಎಂಬ ಸಂತೋಷದಲ್ಲಿ. ಮಗ ಸತ್ತಮೇಲೆ ಅವಳ ಮುಖದಲ್ಲಿ ನಗು ಕಂಡದ್ದು ಅವತ್ತೇ. ದಸ್ತಗೀರಸಾಬ ಸೈಕಲ್ ಇಳಿದು, ಒಮ್ಮೆ ಸಾಲನ್ನು ನೋಡಿ, ಒಮ್ಮೆ ಪರಮೇಶಪ್ಪನನ್ನು ನೋಡಿ, ಚೇಷ್ಟೆಯ ಮಾತು ಯಾವುದೂ ಆಡದೆ ಒಳಗೆ ಹೋಗಿ ಹಲಗೆ ಒರೆಸತೊಡಗಿದ.

ಒಂದೊಂದಾಗಿ ತೋಳು ನೋಡಿದ. ಮೇಲೊಂದು, ಕೆಳಗೊಂದು, ಕೆಳಗಿನದು ಓರೆ. ಎರಡನೆಯ ಹುಡುಗನದು ಆಗಲೇ ಕೀವು ಕಟ್ಟಿತ್ತು. ಕೊನೆಯ ಹುಡುಗ ತಿಳವಳ್ಳಿಯ ಅಜ್ಜಿಯ ಮನೆಯಲ್ಲಿ ಬೆಳೆದು ಈ ವರ್ಷ ತಾಯಿಯ ಹತ್ತಿರ ಬಂದವನು. ಅವನ ತೋಳು ಹಿಡಿದಾಗ ಪರಮೇಶಪ್ಪನ ಬೆರಳಿಗೆ ಇನ್ನೇನೋ ತಾಗಿತು. ಮುಂಗೈಯನ್ನು ತಿರುಗಿಸಿದ. ಅಲ್ಲಿ, ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆ, ಹಳೆಯದಾಗಿ ಮೈಬಣ್ಣಕ್ಕೆ ಸೇರಿದ ಒಂದು ತಗ್ಗು. ದೇವಿ ಹಾಕಿದ ಗುರುತು. ಖರೇ ಗುರುತು.

“ಇದು?” ಎಂದ. “ಇದು ಇತ್ತಲ್ಲವಾ ಇವಗ?”

“ಇತ್ರಿ,” ಎಂದಳು ತಾಯಿ. ತಪ್ಪು ಮಾಡಿದವಳ ಹಾಗೆ ಮುಖ ಸಣ್ಣದಾಯಿತು. “ಆದ್ರ ಅದು ಎಲ್ಲೋ ಐತಲ್ರಿ. ಒಂದ ಐತಿ. ನಿಮ್ಮಂಗ ಇರಲಿಲ್ರಿ ಅದು. ಅದಕ್ಕ ನಿನ್ನೆ ಹಾಕಿಸ್ದೆ.”

ಪರಮೇಶಪ್ಪ ಆ ತಗ್ಗನ್ನು ಬೆರಳಿನಿಂದ ಮತ್ತೆ ಮತ್ತೆ ಸವರಿದ. ಅದನ್ನು ನೋಡಿ ತಾಯಂದಿರಿಗೆ ಗಾಬರಿಯಾಯಿತು. ಎಲ್ಲೋ ಅಳತೆ ತಪ್ಪಿರಬೇಕು, ಮುದುಕಿಯ ಕೈ ನಡುಗಿರಬೇಕು ಎಂದು ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ಗುತ್ತೆವ್ವ ಮುಂದೆ ಬಂದಳು. “ತಪ್ಪಿಲ್ರಿ ಮಾಸ್ತರ್ರ, ನಾನ ಮುಂದ ನಿಂತು ತೋರ್ಸೇನಿ. ಬೇಕಾದ್ರ ನಿಮ್ದು ಒಮ್ಮೆ ತೋರಿಸ್ರಿ, ತಾಳೆ ಹಾಕಿ ನೋಡೂಣು,” ಎಂದಳು.

ಅವನ ಕೈ ತಾನಾಗಿ ಅಂಗಿಯ ಗುಂಡಿಗೆ ಹೋಯಿತು. ತೋಳು ಮೇಲಕ್ಕೆ ಸರಿಸಿ ನಿಂತ. ತಾಯಂದಿರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮುಂದೆ ತಂದು, ಅವನ ತೋಳಿನ ಪಕ್ಕಕ್ಕೆ ಆ ಸಣ್ಣ ತೋಳನ್ನು ಎತ್ತಿ ಹಿಡಿದರು. ಮಕ್ಕಳು ಅವನ ತೋಳನ್ನು ನೋಡಿದವು, ತಮ್ಮದನ್ನು ನೋಡಿಕೊಂಡವು. ಗುತ್ತೆವ್ವ ಬೆರಳಿಟ್ಟು ಅಳೆದಳು. ಐದೂ ತಾಳೆಯಾದವು. ಅವಳು ಅವನ ಮುಖ ನೋಡಿ ಕಾದಳು.

ಪರಮೇಶಪ್ಪ ಮಾಸ್ತರ ಒಳಗೆ ಹೋಗಿ ಕೂತ, ಪುಸ್ತಕ ಬಿಚ್ಚಿದ, ಟಾಕು ಅದ್ದಿದ. ಅಂಗಿಯ ತೋಳು ಇಳಿಸಿಕೊಳ್ಳುವುದನ್ನು ಮರೆತಿದ್ದ.

“ಹೆಸರು ಹೇಳ್ರಿ,” ಎಂದ.